ಸಹಾಯ ಬೇಕು: ಕೊಪ್ಪಳದಿಂದ ಬಳ್ಳಾರಿಗೆ, ರೆಕ್ಕೆ ಸಮೇತ

ನಮಸ್ಕಾರ. ಬರುವ ಭಾನುವಾರ ಬಳ್ಳಾರಿಯಲ್ಲಿ ಕಾಮಿಕ್ಸ್ ಅಭಿಮಾನಿಗಳ ಕೂಟವಿದೆ. ಜಾಗ, ಹೊಸಪೇಟೆ ರಸ್ತೆಯಲ್ಲಿ ಊರ ಹೊರಗಿರುವ ಹೋಟೆಲ್. ಕರಪತ್ರದಲ್ಲಿ ‘ವಿಶಾಲ ಕಾರ್ ಪಾರ್ಕಿಂಗ್’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ; ಬಸ್ಸಿನ ಮಾತೇ ಇಲ್ಲ. ನನ್ನ ಬಳಿ ಸೈಕಲ್ಲೂ ಇಲ್ಲ.

ಹೊಸಪೇಟೆ ಮೇಲೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಉಚಿತ. ಆದರೆ ಕೂಟಕ್ಕೆ ಹಾಕುವ ಕಾಮಿಕ್ಸ್ ಪಾತ್ರದ ವೇಷಕ್ಕೆಂದು ರಟ್ಟು, ಬಿದಿರುಕಡ್ಡಿಯಲ್ಲಿ ಕಟ್ಟಿದ 4 ಅಡಿಯ ರೆಕ್ಕೆಗಳಿವೆಯಲ್ಲ! ಹೋದ ಸಲ ಕಂಡಕ್ಟರ್ ಅಣ್ಣ ‘ಇದಕ್ಕೆ ಲಗೇಜು ತೆಗೆಸಬೇಕೇನಮ್ಮ?’ ಎಂದು ನಕ್ಕರು. ನೂಕುನುಗ್ಗಲಿನಲ್ಲಿ ಒಂದು ತುದಿ ಮುರಿಯಿತು. ರೈಲಾದರೆ ಬಳ್ಳಾರಿಗೆ ನೇರ, ಆಮೇಲೆ ಮತ್ತೆ ಆಟೊ.

ಬಸ್ಸನ್ನು ಹೋಟೆಲ್ ಮುಂದೆಯೇ ನಿಲ್ಲಿಸುತ್ತಾರೆಯೇ? ರೈಲು ನಿಲ್ದಾಣದಿಂದ ಆಟೊಗೆ ನ್ಯಾಯವಾದ ಬಾಡಿಗೆ ಎಷ್ಟು? ರಾತ್ರಿ 8ರ ನಂತರ ಕೊಪ್ಪಳಕ್ಕೆ ಮರಳುವ ಅಕ್ಕಂದಿರಿದ್ದರೆ ತಿಳಿಸಿ, ಜೊತೆಗೂಡುತ್ತೇನೆ.