ಚಂದ್ರನ ಮೇಲೆ ಕೊಡದ ರಾಡಿ ತಳಕ್ಕೆ ಕೂರುತ್ತದಾ?

ಪ್ರಶ್ನೆ (ಸಿಂಧನೂರು ಕಡೆಯ ತಾಯಿಯೊಬ್ಬರು): ಸರ್, ಎಡದಂಡೆ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಬರೀ ರಾಡಿ ಬರುತ್ತದೆ. ಕೊಡ ತುಂಬಿಟ್ಟು, ಬೆಳಗ್ಗೆ ಮೇಲಿನ ತಿಳಿ ಬಸಿದುಕೊಳ್ಳುತ್ತೇವೆ. ಒಂಬತ್ತನೇ ಕ್ಲಾಸಿನ ಮಗ ಕೇಳಿದ, "ಇದೇ ಕೊಡ ಚಂದ್ರನ ಮೇಲಿದ್ದರೆ?" ಅಲ್ಲಿ ಗುರುತ್ವವೇ ಇಲ್ಲ, ರಾಡಿ ಕೂರಲ್ಲ ಅಂದುಬಿಟ್ಟೆ. ಸರಿನಾ?

ಉತ್ತರ (ಪಿಯು ಭೌತಶಾಸ್ತ್ರ ಉಪನ್ಯಾಸಕ, ರಾಯಚೂರು): ಇಲ್ಲ ಅಕ್ಕಾರೇ, ಕೂರುತ್ತದೆ. ಚಂದ್ರನಲ್ಲಿ ಗುರುತ್ವ ನಮ್ಮದರ ಆರನೇ ಒಂದು ಭಾಗ ಇದೆ. ಹೊತ್ತು ಆರು ಪಟ್ಟು ಹಿಡಿಯುತ್ತದೆ, ಅಷ್ಟೇ. (ಕೊಡ ಗಾಳಿ ತುಂಬಿದ ಕೋಣೆಯೊಳಗೆ ಇರಬೇಕು ಮತ್ತೆ. ಹೊರಗಿಟ್ಟರೆ ನೀರೇ ಉಳಿಯಲ್ಲ.)

ಕಣವನ್ನು ಭಾರ ಕೆಳಗೆ ಎಳೆಯುತ್ತದೆ, ನೀರಿನ ಅಂಟು ತಡೆಯುತ್ತದೆ. ಎರಡೂ ಸಮ ಆದಮೇಲೆ ಕಣ ಒಂದೇ ವೇಗದಲ್ಲಿ ಇಳಿಯುತ್ತದೆ. ಇದು ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಕೊಟ್ಟ ಲೆಕ್ಕ. ಕಣದ ಅಗಲ 10 ಪಟ್ಟು ಕಮ್ಮಿಯಾದರೆ ವೇಗ 100 ಪಟ್ಟು ಕಮ್ಮಿ. 0.02 ಮಿ.ಮೀ. ಕಣ ಒಂದಡಿ ಇಳಿಯಲು ಸುಮಾರು 14 ನಿಮಿಷ ಸಾಕು. 0.002 ಮಿ.ಮೀ. ಜೇಡಿಗೆ ಹೆಚ್ಚುಕಮ್ಮಿ ಒಂದು ದಿನ ಬೇಕು. ಚಂದ್ರನಲ್ಲಿ ಮೊದಲನೆಯದಕ್ಕೆ ಒಂದೂವರೆ ತಾಸು, ಎರಡನೆಯದಕ್ಕೆ ಆರು ದಿನ. ಇದು 20 ಡಿಗ್ರಿ ನೀರಿನ ಲೆಕ್ಕ. ನಮ್ಮ ಬೇಸಿಗೆಯ ಬಿಸಿ ನೀರಲ್ಲಿ ಅಂಟು ಕಮ್ಮಿ, ಇನ್ನೂ ಬೇಗ ಕೂರುತ್ತದೆ.

ಇನ್ನೊಬ್ಬರು: ಅಲ್ಲಿಗೆ ಪಟಿಕ ಒಯ್ದರೆ ಸರ್?

ಉತ್ತರ: ಒಳ್ಳೇದೇ. ಜೇಡಿ ಕಣಗಳ ಮೇಲೆ ಋಣ ವಿದ್ಯುತ್ತು ಇರುತ್ತದೆ, ಅದಕ್ಕೇ ಒಂದನ್ನೊಂದು ದೂಡುತ್ತವೆ. ಪಟಿಕ ಅದನ್ನು ಕಳೆದು ಕಣಗಳನ್ನು ಮುದ್ದೆ ಕಟ್ಟಿಸುತ್ತದೆ. ಮುದ್ದೆ ದೊಡ್ಡದು, ಸರಸರ ಇಳಿಯುತ್ತದೆ.

ಅದೇ ಬಾಹ್ಯಾಕಾಶ ನಿಲ್ದಾಣದಲ್ಲಿ ಮುದ್ದೆ ಕಟ್ಟಿದರೂ ಕೂರಲ್ಲ. 400 ಕಿ.ಮೀ. ಮೇಲೆ ಗುರುತ್ವ ಸುಮಾರು 90% ಇದ್ದೇ ಇದೆ. ಆದರೆ ಕೊಡ, ನೀರು, ರಾಡಿ ಮೂರೂ ಒಟ್ಟಿಗೇ ಬೀಳುತ್ತಿರುತ್ತವೆ. ಹಾಗಿದ್ದಾಗ ಯಾವುದು ಯಾವುದರ ಕೆಳಗೆ ಹೋಗಬೇಕು? ನೀರಿನ ಅಣುಗಳ ಗುದ್ದಿಗೆ ಸಣ್ಣ ಕಣಗಳು ಸುಮ್ನೆ ಅತ್ತಿತ್ತ ಅಲೆಯುತ್ತವೆ. ಗುಳ್ಳೆಯೂ ಮೇಲೇಳದೆ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಸೋಸಬೇಕು, ಇಲ್ಲವೇ ಜೋಳದ ಹೊಲದಲ್ಲಿ ಕವಣೆ ಬೀಸಿದ ಹಾಗೆ ಗರಗರ ತಿರುಗಿಸಬೇಕು. ಆಗ ರಾಡಿ ಹೊರಅಂಚಿಗೆ ಹೋಗಿ ಕೂರುತ್ತದೆ.

ಪ್ರಶ್ನೆ ಕೇಳಿದವರು: ಓದಿ ಹೇಳಿದ್ದೇ ತಡ, ಚೊಂಬಿಗೆ ಹಗ್ಗ ಕಟ್ಟಿದ್ದಾನೆ ಸರ್. ಪಡಸಾಲೆ ಗೋಡೆ ತುಂಬ ರಾಡಿ.