ಪ್ರಶ್ನೋತ್ತರ: ಊರಿನ ಮಕ್ಕಳನ್ನು ಬೇಸಿಗೆಯ ಪ್ರಕೃತಿ ಶಿಬಿರಕ್ಕೆ ಕಳಿಸಬೇಕು, ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿದೆ, ಬಂಡೀಪುರ ಕಾಡಿನ ಅಂಚು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಾನು ಓದಿದ ಸರ್ಕಾರಿ ಶಾಲೆಯ ನಾಲ್ಕು ಮಕ್ಕಳನ್ನು ಏಪ್ರಿಲ್‌ನಲ್ಲಿ ನನ್ನ ಖರ್ಚಿನಲ್ಲಿ ಶಿಬಿರಕ್ಕೆ ಕಳಿಸೋಣ ಅಂತಿದ್ದೇನೆ. ನಾಲ್ಕು ದಿನಕ್ಕೆ ತಲೆಗೆ 6,000 ರೂಪಾಯಿ ಹೇಳಿದ್ದಾರೆ. ಕ್ಲಾಸಿಗೆ ಫಸ್ಟ್ ಬರುವವರನ್ನು ಕಳಿಸೋಣ ಅನ್ನುತ್ತಾರೆ ಹೆಡ್‌ಮೇಷ್ಟ್ರು. ಶಿಬಿರ ನಡೆಸುವವರು ನೀವು, ಏನಂತೀರಿ?

ಉತ್ತರ: 24,000 ಕಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ ಸರ್. ಹೆಸರು ಕೊಟ್ಟ ಮಗು ಕೊನೇ ಗಳಿಗೆಯಲ್ಲಿ ಬರದೇ ಹೋಗುವುದು ಫೀಸಿನಿಂದಲ್ಲ. ಶೂ, ಟಾರ್ಚು, ಹೊದಿಕೆ, ನೀರಿನ ಬಾಟಲಿ ಅಂತ ಶಿಬಿರದವರು ಒಂದು ಪಟ್ಟಿ ಕಳಿಸುತ್ತಾರಲ್ಲ, ಅದನ್ನು ನೋಡಿಯೇ ಮನೆಯವರು ‘ಬ್ಯಾಡ ಬುಡು’ ಅಂತಾರೆ. ಬಿಟ್ಟು ಬರಲು ಅಪ್ಪ ಹೊರಟರೆ ಅವತ್ತಿನ ಕೂಲಿಯೂ ಹೋಯಿತು. ಹೆಣ್ಣುಮಕ್ಕಳ ಜೊತೆಗೆ ಒಬ್ಬ ಟೀಚರ್ ಹೋಗಲೇಬೇಕು, ಅವರ ಖರ್ಚೂ ನಿಮ್ಮದೇ. ನಾಲ್ವರ ಬದಲು ಮೂವರನ್ನು ಕಳಿಸಿ, ಉಳಿದ ದುಡ್ಡನ್ನು ಇದಕ್ಕೆಲ್ಲ ಇಡಿ.

ಮಾರ್ಕ್ಸ್ ನೋಡಬೇಡಿ. ಪಾಠದ ಹೊತ್ತಲ್ಲಿ ಕಿಟಕಿಯಾಚೆ ಹಕ್ಕಿಗೂಡು ನೋಡುತ್ತಾ ಬೈಸಿಕೊಳ್ಳುವವನು ಒಬ್ಬ ಇರುತ್ತಾನಲ್ವಾ, ಅವನು ಮೊದಲು ಹೋಗಲಿ.

ಇನ್ನೊಂದು ಮಾತು. ನಿಮ್ಮೂರಿನ ಮಕ್ಕಳಿಗೆ ಆನೆ ಹೊಸದಲ್ಲ. ಜೋಳ ಕಾಯಲು ಅಪ್ಪ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರುವುದನ್ನು ನೋಡಿಯೇ ಬೆಳೆದಿರುತ್ತಾರೆ. ಅವರ ಮುಂದೆ ಸುಮ್ನೆ ‘ಪ್ರಾಣಿಗಳು ನಮ್ಮ ಗೆಳೆಯರು’ ಅಂದರೆ ಒಳಗೊಳಗೇ ನಗುತ್ತಾರೆ. ದುಡ್ಡು ಕಟ್ಟುವ ಮುಂಚೆ ಶಿಬಿರದವರನ್ನು ಕೇಳಿ: ಬೆಳೆ ಹಾನಿಯ ಮಾತು ಎತ್ತುತ್ತೀರಾ, ಇಲ್ವಾ?

ಒಳ್ಳೆಯ ಶಿಬಿರದಲ್ಲಿ ಇಂಥ ಮಕ್ಕಳೇ ಮೇಷ್ಟ್ರು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತ ದಾರ ಹಿಡಿದು ಅಳೆದು, ಎರಡರಿಂದ ಗುಣಿಸಿದರೆ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ನಾಲ್ಕು ಅಡಿ ಸುತ್ತಳತೆಗೆ ಎಂಟು ಅಡಿ ಆನೆ. ಪೇಟೆಯ ಹುಡುಗರು ದಾರ ಹಿಡಿದು ಪೇಚಾಡುತ್ತಿದ್ದರೆ, ನಿಮ್ಮೂರಿನವನು ಅದು ಮುಂಗಾಲಿನದಲ್ಲ, ಹಿಂಗಾಲಿನದು ಅಂತ ತಿದ್ದುತ್ತಾನೆ. ಮುಂಗಾಲಿನ ಗುರುತು ದುಂಡಗೆ, ಹಿಂದಿನದು ಉದ್ದಕ್ಕೆ.

ಹಾಗಾಗಿ ಅವರನ್ನು ಮತ್ತೆ ಸಫಾರಿ ಜೀಪಿಗೆ ಹತ್ತಿಸಬೇಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಕರೆದೊಯ್ಯುವ ಶಿಬಿರ ಸಿಕ್ಕರೆ ನೋಡಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದ ಹುಡುಗರೇ ಸಾಕಿದ್ದಾರೆ. ಕಾಡುಪ್ರಾಣಿಯ ಜೊತೆ ಇನ್ನೊಂದು ಥರವೂ ಬದುಕಬಹುದು ಅಂತ ಕಣ್ಣಾರೆ ಕಾಣುತ್ತದೆ.

ಆಮೇಲೆ, ನಿಮ್ಮ ಹೆಸರಿನ ಬ್ಯಾನರ್ ಹಿಡಿಸಿ ಮಕ್ಕಳ ಫೋಟೊ ತೆಗೆಸಬೇಡಿ. ಯಾರ ಫೀಸು ಯಾರು ಕಟ್ಟಿದರು ಅನ್ನುವುದು ಶಿಬಿರದಲ್ಲಿ ಯಾರಿಗೂ ಗೊತ್ತಾಗಬಾರದು.

ಇನ್ನೊಬ್ಬರು: ಸರ್, ನಾವು ಸೊರಬದ ಕಡೆಯವರು. ನಮ್ಮ ಮಹಿಳಾ ಸಂಘದಿಂದ ಇಬ್ಬರು ಮಕ್ಕಳನ್ನು ಕಳಿಸಬೇಕು ಅಂತಿದೆ. ಬೇಸಿಗೆಯಲ್ಲಿ ಮಲೆನಾಡಿನ ಶಿಬಿರ ಆಗಬಹುದಾ?

ಉತ್ತರ: ಮೇಡಂ, ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣ್ಣೆ ಹುಳದ ಕಾಟ ಜಾಸ್ತಿ. ಆ ಕಡೆ ಮಂಗ ಸತ್ತಿದ್ದೇನಾದರೂ ಇದೆಯಾ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ಕಳಿಸಿ. ಇದೆ ಅಂದರೆ ಆ ಜಾಗ ಬೇಡವೇ ಬೇಡ. ಇಲ್ಲ ಅಂದರೂ ತುಂಬು ತೋಳಿನ ಅಂಗಿ, ಪ್ಯಾಂಟು, ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಇರಲಿ. ತರಗೆಲೆ ಮೇಲೆ ಕೂರಿಸಬಾರದು. ಸಂಜೆ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಬದಲಿಸಬೇಕು. ಮನೆಗೆ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಮತ್ತೊಬ್ಬರು: ಇದಕ್ಕೆ ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ಸಿಗುತ್ತಾ?

ಉತ್ತರ: ಮಗುವಿನ ಫೀಸು ಕಟ್ಟಿದರೆ ಅದು ಫೀಸೇ, ದೇಣಿಗೆ ಅಲ್ಲ. 80ಜಿ ನೋಂದಣಿ ಇರುವ ಟ್ರಸ್ಟಿಗೆ ದೇಣಿಗೆ ಕೊಟ್ಟರೆ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದೀರಾ? ಹಾಗಾದರೆ ರಸೀದಿ ಇದ್ದರೂ ಲಾಭವಿಲ್ಲ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಕೈಬಿಟ್ಟ ಆ ನಾಲ್ಕನೇ ಮಗುವಿಗೆ?

ಉತ್ತರ: ಅರಣ್ಯ ಇಲಾಖೆಯದ್ದೇ ‘ಚಿಣ್ಣರ ವನ ದರ್ಶನ’ ಇದೆ, ಸರ್ಕಾರಿ ಶಾಲೆ ಮಕ್ಕಳಿಗೆ. ಹೆಡ್‌ಮೇಷ್ಟ್ರ ಕೈಲಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಡಿಸಿ. ಅದೃಷ್ಟ ಇದ್ದರೆ ಇಡೀ ಕ್ಲಾಸೇ ಹೋಗಿ ಬರಬಹುದು.