ಬಿದ್ರಿ, ಚನ್ನಪಟ್ಟಣದ ಕೆಲಸ ದೆಹಲಿ ಮೇಳಕ್ಕೆ: ಹೋಗಿ ಬಂದವರು ಹೇಳಿ

ಪುಟ್ಟ ಗ್ಯಾಲರಿ, ಬೆಂಗಳೂರು: ಬಿದ್ರಿಯ (ಕಪ್ಪು ಲೋಹಕ್ಕೆ ಬೆಳ್ಳಿ ತಂತಿ ಕೂರಿಸುವ ಬೀದರ್ ಕಲೆ) ಗೋಡೆ ಫಲಕ, ಅರಗು ಹಚ್ಚಿದ ಚನ್ನಪಟ್ಟಣದ ದೊಡ್ಡ ಮರದ ಹೂದಾನಿ ಮಾಡಿಸಿದ್ದೇವೆ. ದೆಹಲಿಯ ಇಂಡಿಯಾ ಆರ್ಟ್ ಫೇರ್‌ನಲ್ಲಿ 2024ರಿಂದ ಡಿಸೈನ್ ವಿಭಾಗವೂ ಇದೆಯಲ್ಲ, ಅರ್ಜಿ ಹಾಕೋಣ ಅಂತಿದ್ದೇವೆ. ಇಂಥ ಮೇಳಗಳಿಗೆ ಹೋದವರು ಅನುಭವ ಹೇಳುತ್ತೀರಾ?

ಸತುವಿನ ಸಾಹಸಿ: ನಾನು ಹೋಗಿದ್ದು ದೆಹಲಿಯದ್ದೇ ಬೇರೆ ಮೇಳ, ಹೆಸರು ಬೇಡ. ಸ್ಟಾಲ್ ಬಾಡಿಗೆ ಬಿಡಿ, ಮೇಲಿನ ಖರ್ಚು ಕೇಳಿ. ಸಾಗಿಸುವ ಮರದ ಪೆಟ್ಟಿಗೆಗೆ 38,000. ಒಂದು ಫಲಕ 14 ಕಿಲೋ, ಪ್ಲೈ ಗೋಡೆ ತಡೆಯಲ್ಲ ಅಂದರು. ರಾತ್ರೋರಾತ್ರಿ ಹಿಂದೆ ಚೌಕಟ್ಟು ಹೊಡೆಸಿದ್ದಕ್ಕೆ 22,000. ಹೆಚ್ಚಿನ ಸ್ಪಾಟ್‌ಲೈಟ್ ಒಂದೊಂದಕ್ಕೆ 1,800. ಅದೂ ಹಳದಿ ಬೆಳಕು, ಬೆಳ್ಳಿಯೆಲ್ಲ ಹಿತ್ತಾಳೆ ಥರ ಕಾಣಿಸಿತು!

ಇಷ್ಟಾದ ಮೇಲೆ ಸಹಾಯಕ್ಕಿದ್ದ ಹುಡುಗ ಬೆಳ್ಳಿ ಮಂಕಾಗಿದೆ ಅಂತ ಪಾಲಿಶ್ ಹಾಕಿ ಉಜ್ಜಿಬಿಟ್ಟ. ಮೂಲೆಯ ಕಪ್ಪೆಲ್ಲ ಎದ್ದು ಬೂದು ಬಣ್ಣ. ಕೊಬ್ಬರಿ ಎಣ್ಣೆ ಸವರೋಣ ಅಂದರೆ ಆ ಚಳಿಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕೊನೆಗೆ ಬೀದರ್‌ಗೆ ಕಳಿಸಿ, ಅಲ್ಲಿನ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಉಪ್ಪು) ಹಾಕಿ ಮತ್ತೆ ಕಪ್ಪು ಮಾಡಿಸಿದೆ. ಮಾರಿದ್ದು ಒಂದೇ ಒಂದು. ಅದರ ದುಡ್ಡು ಕೈಗೆ ಬರುವಷ್ಟರಲ್ಲಿ ಬೆಳ್ಳಿ ರೇಟು ಏರಿ ಲಾಭ ನುಂಗಿತ್ತು. ಆದರೂ ಮತ್ತೆ ಹೋಗುತ್ತೇನೆ. ಆ ಫಲಕ ಕೊಂಡ ಆರ್ಕಿಟೆಕ್ಟ್ ಆಮೇಲೆ ಒಂದಿಡೀ ಗೋಡೆಗೆ ಆರ್ಡರ್ ಕೊಟ್ಟರು.

ಬೀದರ್‌ನವ: ಮೇಡಂ, ಆ ಫಲಕದ ಚೀಟಿ ಮೇಲೆ ಯಾರ ಹೆಸರಿತ್ತು ಹೇಳ್ರಿ? ನಮ್ಮ ಮನೆಯಲ್ಲಿ ಮಾಡಿದ ಬಿದ್ರಿ ಪೆಟ್ಟಿಗೆಯೂ ಇಂಥದ್ದೇ ಮೇಳಕ್ಕೆ ಹೋಗಿತ್ತು. ಡಿಸೈನರ್ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ 'ಬೀದರ್ ಕುಶಲಕರ್ಮಿಗಳು'. ಎರಕ ಹೊಯ್ದಿದ್ದು, ಉಳಿ ಹಿಡಿದು ಕೆತ್ತಿದ್ದು, ತಂತಿ ಕೂರಿಸಿದ್ದು ನಮ್ಮಪ್ಪ. 2023ರಲ್ಲಿ ನಮ್ಮ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತಲ್ಲ, ಆಗ ಹೆಸರು ಬರೆಯೋಕೆ ಸರ್ಕಾರಕ್ಕೆ ಕಷ್ಟ ಆಗಲಿಲ್ಲ. ನಿಮಗೇನು ಕಷ್ಟ?

ಎಡಿಷನ್ ಎಂಟು: ಅಣ್ಣಾ, ಹೆಸರು ಹಾಕಬೇಕು, ಒಪ್ಪಿದೆ. ಆದರೆ ನನ್ನ ಕಥೆಯನ್ನೂ ಕೇಳಿ. ಒಂದು ಬಿದ್ರಿ ಬಳ್ಳಿ ನಮೂನೆಯನ್ನು ಎಂಟೇ ಪೀಸ್ ಮಾಡೋದು ಅಂತ ಬರೆದುಕೊಟ್ಟು ಮಾರಿದ್ದೆ. ಆ ಬೆಲೆ ಬರುವುದೇ ಅದಕ್ಕೆ. ಕೊಂಡವರು ಅದೇ ನಮೂನೆಯನ್ನು ಒಂದು ಅಂಗಡಿಯಲ್ಲಿ ಹತ್ತನೇ ಒಂದು ಭಾಗ ರೇಟಿಗೆ ನೋಡಿ ಫೋಟೊ ಕಳಿಸಿದರು. ದುಡ್ಡು ವಾಪಸ್ ಕೊಟ್ಟೆ, ಸಾಗಣೆಯೂ ನನ್ನದೇ.

ಬೀದರ್‌ನವ: ಆ ಬಳ್ಳಿ ನಿಮ್ಮ ಡಿಸೈನರ್ ಹುಟ್ಟುವ ಮುಂಚಿನಿಂದ ನಮ್ಮ ಮನೆಯಲ್ಲಿದೆ. ಅದಕ್ಕೆ ಎಂಟೇ ಅಂತ ಲೆಕ್ಕ ಹಾಕೋಕೆ ನೀವ್ಯಾರು?

ಎಡಿಷನ್ ಎಂಟು: ಅಡ್ವಾನ್ಸ್ ತಗೊಂಡು ಸಹಿ ಹಾಕುವಾಗ ಇದು ನೆನಪಿಗೆ ಬರಲ್ವಾ?

ಸಂತೆ ಸಾಕು: ಇದಕ್ಕೇ ನಾನು ಗ್ಯಾಲರಿ ಸಹವಾಸಕ್ಕೆ ಹೋಗಲ್ಲ. ಅರ್ಧಕ್ಕರ್ಧ ಕಮಿಷನ್ ಕೊಟ್ಟು ಯಾಕೆ ಸಾಯಬೇಕು? ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಬದಿ ಮೇಜು ಹಾಕುತ್ತೇನೆ, ಸಂಜೆಗೆ ಎಣಿಸಿ ಮನೆಗೆ ಹೋಗುತ್ತೇನೆ.

ಸತುವಿನ ಸಾಹಸಿ: ಲಕ್ಷದ ಫಲಕವನ್ನು ರಸ್ತೆ ಬದಿ ಬಿಸಿಲಲ್ಲಿ ಇಡಲಾ? ಸುಮ್ನೆ ಮಾತಿಗೆ ಮಾತು ಬೇಡ.

ಪಟ್ಟಣದ ಸೊಸೆ: ಎಲ್ಲರೂ ಬಿದ್ರಿ ಬಿದ್ರಿ ಅಂತೀರಿ. ಹೂದಾನಿ ಯಾವ ಮರ ಅಂತ ಒಬ್ಬರಾದರೂ ಕೇಳಿದಿರಾ? ನನ್ನದು ಸರಿಯಾಗಿ ಒಣಗದ ಮರ. ಹಾಲ್‌ನ ಹೀಟರ್ ಪಕ್ಕ ಮೂರನೇ ದಿನಕ್ಕೆ ಬಾಯಿಂದ ಬುಡದವರೆಗೆ ಸೀಳಿತು, ಅರಗೂ ಚಕ್ಕೆ ಎದ್ದಿತು. 65,000ದ ಮಾಲು. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಬೇಕು, ಆತುರ ಮಾಡಿದರೆ ಇದೇ ಗತಿ.

ಸಂತೆ ಸಾಕು: ಈಗ ಆಲೆ ಮರ ಯಾರು ಹಾಕ್ತಾರೆ, ಜಾಸ್ತಿ ರಬ್ಬರ್ ಮರವೇ ಅಲ್ವಾ?

ಪಟ್ಟಣದ ಸೊಸೆ: ನಿಮ್ಮ ಮೇಜಿನ ಮೇಲಿರಬಹುದು ರಬ್ಬರ್ ಮರ. ನಮ್ಮ ಮಾವ ಇವತ್ತಿಗೂ ಆಲೆ ಮರಕ್ಕೇ ಅರಗು ಹಿಡಿದು, ತಾಳೆ ಗರಿಯಲ್ಲೇ ಹೊಳಪು ಕೊಡುತ್ತಾರೆ. ಬಂದು ನೋಡಿ, ಆಮೇಲೆ ಮಾತಾಡಿ.